ಹನ್ನೊಂದು ಪಟ್ಟಿಯ ಹಾಯಿ

ಮನೋಹರ ಕೆಟ್ಟ ಸುದ್ದಿಯನ್ನು ಎರಡನೇ ರೊಟ್ಟಿ ಮುರಿಯುವಾಗ ಹೇಳುವವ. ಮೊದಲನೆಯದಕ್ಕೆ ಹೇಳಿದರೆ ಊಟ ಕೆಡುತ್ತದೆ, ಮೂರನೆಯದರ ತನಕ ಕಾದರೆ ಧೈರ್ಯ ಕೆಡುತ್ತದೆ ಎಂಬುದು ಅವನ ಅನುಭವ. ಸೀಗಿಹುಣ್ಣಿಮೆ ಕಳೆದ ಮೂರನೇ ದಿನ ಮಧ್ಯಾಹ್ನ, ರಾಣೆಬೆನ್ನೂರಿನ ಮನೆಯಲ್ಲಿ, ಎಣಗಾಯಿ ಜೊತೆ ಎರಡನೇ ರೊಟ್ಟಿ ಮುರಿದು ಹೇಳಿದ:

"ಹಡಗಿನ್ಯಾಗ ನನ್ನ ಜೋಡಿ ಚನ್ನೇಶ ಬರ್ತಾನ."

ಅವನ ಹೆಂಡತಿ ಅರುಣಾ ಬುಟ್ಟಿಯೊಳಗಿನ ರೊಟ್ಟಿಗೆ ಕೈ ಹಾಕಿದ್ದಳು. ಕೈ ಅಲ್ಲೇ ನಿಂತಿತು. ಚನ್ನೇಶ ಎಂದರೆ ಮನೋಹರನ ತಮ್ಮ, ಬೀಜದ ಕಂಪನಿಯೊಂದರ ಸೇಲ್ಸಿನವ. ಎದುರಿಗೇ ಕೂತು ಉಣ್ಣುತ್ತಿದ್ದ. ತಲೆ ಎತ್ತಲಿಲ್ಲ.

"ಮತ್ತ ನಾ?" ಎಂದಳು ಅರುಣಾ.

"ನೀ ಹ್ಯಾಂಗ ಬರ್ತಿ? ಒಂದ ವರ್ಷದ ಮಾತು. ಅವ್ವನ್ನ ಯಾರ ನೋಡ್ಕೋಬೇಕು?"

ಅವ್ವ ಬಸವಣ್ಣೆವ್ವ ಗೋಡೆಗೆ ಒರಗಿ ಕೂತು ಮೊಸರು ಕಲೆಸುತ್ತಿದ್ದಳು. "ಹೆಣ್ಣಮಗಳು ಸಮುದ್ರದಾಗ ಹೋಗಿ ಏನ ಮಾಡಾಕಿ?" ಎಂದಳು. "ಅಲ್ಲಿ ರೊಟ್ಟಿ ಬಡಿಯಾಕರ ಜಾಗ ಐತೇನು?"

"ಅಜ್ಜಿ, ಆ ಹಡಗಿನ ಒಲಿ ಮ್ಯಾಲ ಅವ್ವ ಹೋದ ತಿಂಗಳ ರೊಟ್ಟಿ ಮಾಡ್ಯಾಳ. ನೀನ ಎರಡ ತಿಂದೀದಿ," ಎಂದಳು ಮಗಳು ಐಶ್ವರ್ಯ. ಅವಳು ಹಾವೇರಿಯ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು.

"ದೊಡ್ಡವರು ಮಾತಾಡೂವಾಗ ನೀ ಬಾಯಿ ಹಾಕಬ್ಯಾಡ," ಎಂದ ಮನೋಹರ. ಮೂರನೇ ರೊಟ್ಟಿ ಯಾರೂ ಹಾಕಲಿಲ್ಲ. ತಾನೇ ತೆಗೆದುಕೊಂಡ.

ಕಡಲೇ ಇಲ್ಲದ ಊರಿನಲ್ಲಿ ಹಡಗು ಎಲ್ಲಿಂದ ಬಂತು ಎಂದು ಹೇಳಬೇಕು. ಮನೋಹರ ಇಪ್ಪತ್ತು ವರ್ಷ ಸರಕು ಹಡಗುಗಳಲ್ಲಿ ಫಿಟ್ಟರ್ ಆಗಿದ್ದವ. ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ಬರುವಾಗ ಗೋವಾದಲ್ಲಿ ಯಾರೋ ಪರದೇಶದವರು ಬಿಟ್ಟುಹೋಗಿದ್ದ ಮೂವತ್ತೆಂಟು ಅಡಿಯ ಹಾಯಿಹಡಗೊಂದನ್ನು ಕೊಂಡು, ಟ್ರೇಲರ್ ಲಾರಿಯ ಮೇಲೆ ಹೇರಿಕೊಂಡು ರಾಣೆಬೆನ್ನೂರಿಗೆ ತಂದ. ಅದರ ತಳದ ಫೈಬರ್ ಗುಳ್ಳೆ ಎದ್ದಿತ್ತು, ಒಳಗಿನ ಕಟ್ಟಿಗೆ ಕೊಳೆತಿತ್ತು. ಇಲ್ಲಿ ಟ್ರಾಕ್ಟರ್ ಟ್ರೇಲರ್ ಮಾಡುವ ವೆಲ್ಡರುಗಳಿದ್ದಾರೆ, ಲೇತ್ ಇದೆ, ಮನೆಯ ಮಗ್ಗುಲಿಗೇ ಖಾಲಿ ಪ್ಲಾಟು ಇದೆ ಎಂಬುದು ಅವನ ಲೆಕ್ಕ.

ಪ್ಲಾಟು ಖಾಲಿ ಇರಲಿಲ್ಲ. ಅದು ಅರುಣಾಳ ಹೆಸರಿನಲ್ಲಿತ್ತು, ಅದರಲ್ಲಿ ಅವಳ ರೊಟ್ಟಿ ಶೆಡ್ಡಿತ್ತು. ಆರು ಮಂದಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ದಿನಾ ಖಡಕ್ ರೊಟ್ಟಿ ಬಡಿದು ಹಾವೇರಿ, ದಾವಣಗೆರೆಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಗಂಡ ಹಡಗಿನಲ್ಲಿದ್ದಾಗ ಅವಳು ತಾನಾಗಿ ಕಟ್ಟಿಕೊಂಡದ್ದು ಅದೊಂದೇ.

"ಶೆಡ್ ತಗಿಯೋಣು," ಎಂದಿದ್ದ ಮನೋಹರ. "ಇದನ್ನ ಇಬ್ಬರೂ ಕೂಡಿ ರಿಪೇರಿ ಮಾಡೋಣು. ಆಮ್ಯಾಲ ಕಾರವಾರದಾಗ ನೀರಿಗೆ ಬಿಟ್ಟು ಇಬ್ಬರೂ ಕೂಡಿ ದೇಶ ಸುತ್ತಾಕ ಹೋಗೋಣು. ಇಪ್ಪತ್ತ ವರ್ಷ ನಿನ್ನ ಬಿಟ್ಟು ಹೋದ್ನಿ. ಇನ್ನ ಬಿಟ್ಟು ಹೋಗೂದಿಲ್ಲ."

ಅರುಣಾ ಆ ಮಾತನ್ನು ನಂಬಿದಳು. ನಂಬದೆ ಏನು ಮಾಡಬೇಕಿತ್ತು, ಗಂಡ ಅಂಥ ಮಾತನ್ನು ಮದುವೆಯಾದ ಮೇಲೆ ಮೊದಲ ಸಲ ಆಡಿದ್ದ. ತಾನೇ ನಿಂತು ಶೆಡ್ಡಿನ ತಗಡು ಕಳಚಿಸಿದಳು.

ಆಮೇಲೆ ಮೂರು ವರ್ಷ ದುಡಿದಳು. ತಳದ ಹಳೆಯ ಬಣ್ಣ ಉಜ್ಜಿ ತೆಗೆದವಳು ಅವಳು. ಫೈಬರ್ ಪುಡಿ ಮೈಗೆ ಹತ್ತಿ ತೋಳು ಕೆಂಪಾಗಿ, ಎಷ್ಟೋ ದಿನ ಚಪಾತಿ ಹಿಟ್ಟು ಮಗಳ ಕೈಲಿ ನಾದಿಸಿದಳು. ಬೋಲ್ಟುಗಳನ್ನು ಮನೋಹರ ಬಿಗಿದ, ನಿಜ. ಆದರೆ ಸೋಲಾರ್ ಪ್ಲೇಟುಗಳ ವೈರು ಎಳೆದದ್ದು, ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಯಂತ್ರಕ್ಕೆ ಪೈಪು ಜೋಡಿಸಿದ್ದು, ಹಡಗು ಎಷ್ಟು ಓಲಾಡಿದರೂ ನೆಟ್ಟಗೇ ನಿಲ್ಲುವ ತೂಗುವ ಒಲೆ ಕೂಡಿಸಿದ್ದು ಅವಳು. ಹಾಯಿಗಳನ್ನು ಹೊಲಿದದ್ದಂತೂ ಪೂರ್ತಿ ಅವಳೇ. ತಾಡಪತ್ರಿ ಹೊಲಿಯುವ ಜೈತೂನಬಿಯ ಅಂಗಡಿಯಲ್ಲಿ ಕೂತು, ಇಬ್ಬರೂ ಕೂಡಿ ಸಣ್ಣ ಹಾಯಿಗಳನ್ನೆಲ್ಲ ಅಂಕುಡೊಂಕಿನ ಜಿಗ್‌ಜಾಗ್ ಹೊಲಿಗೆಯಲ್ಲಿ, ಉಪ್ಪಿಗೂ ಬಿಸಿಲಿಗೂ ಜಗ್ಗದ ದಾರದಲ್ಲಿ ಮುಗಿಸಿದ್ದರು. ಎಲ್ಲಕ್ಕೂ ದೊಡ್ಡ ಹಾಯಿ ಒಂದು ಉಳಿದಿತ್ತು. ಹನ್ನೊಂದು ಪಟ್ಟಿ ಬಟ್ಟೆ, ಹತ್ತು ಉದ್ದನೆಯ ಜೋಡಣೆ.

ಇನ್ನು ಚನ್ನೇಶ. ಹಡಗಿನ ಜೊತೆಯ ಪುಟ್ಟ ದೋಣಿಯನ್ನು ಗಳಗನಾಥದ ಹೊಳೆಯಲ್ಲಿ ಬಿಟ್ಟು ನೋಡಿದ ದಿನ ಹುಟ್ಟು ಹಾಕಿದವಳು ಅರುಣಾ. ಚನ್ನೇಶ ನಡುಹೊಳೆಯಲ್ಲಿ ಬೆಳಗಿನ ಉಪ್ಪಿಟ್ಟನ್ನೆಲ್ಲ ನೀರಿಗೆ ಕಕ್ಕಿದ. ಮೂರು ವರ್ಷ "ಅಣ್ಣಾ, ಇದರಾಗ ಮೆಣಸಿನಕಾಯಿ ಒಣಗಸು" ಎಂದು ನಕ್ಕವ, ಹೋಗುವ ಸಮಯ ಬಂದಾಗ ಫೋಟೋ ತೆಗೆಸಿಕೊಳ್ಳಲು ಮುಂದಾದ.

ಅರುಣಾ ಆ ವಾರವೆಲ್ಲ ಜಗಳಾಡಿದಳು. ಪಾತ್ರೆ ತೊಳೆಯುತ್ತ, ಕಸ ಹೊಡೆಯುತ್ತ, ಜೋಳ ಹಸನು ಮಾಡುತ್ತ ಜಗಳಾಡಿದಳು.

"ನೀವ ಮಾತ ಕೊಟ್ಟೀರಿ."

"ಆಗಿನ ಮಾತ ಬ್ಯಾರೆ. ಈಗ ಅವ್ವನ ಮೊಣಕಾಲು ನೋಡೀದಿಯಿಲ್ಲೋ?"

"ಮೊಣಕಾಲು ನೋಡ್ಕೊಳ್ಳಾಕ ಚನ್ನೇಶ ಇರ್ಲಿ. ಅವ್ವ ಅವನಿಗೂ ಅವ್ವನ ಅಲ್ಲೇನು?"

"ಗಂಡಸು ಮನ್ಯಾಗ ಕುಂತು ಕಾಲ ಒತ್ತಬೇಕೇನು?" ಎಂದು ಒಳಗಿನಿಂದ ಬಸವಣ್ಣೆವ್ವ ಕೇಳಿದಳು. ಅವಳ ಮೊಣಕಾಲು ನೋಯುತ್ತಿದ್ದದ್ದು ನಿಜ. ಕಿವಿ ಮಾತ್ರ ಚೆನ್ನಾಗಿತ್ತು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಹಾವೇರಿಯಿಂದ ಪೇಪರಿನವನೊಬ್ಬ ಬಂದು ಹಡಗು ನೋಡಿಹೋದ. ಅರುಣಾ ಅವನಿಗೆ ಚಹಾ, ಚೂಡಾ ಕೊಟ್ಟಳು. ಮೂರನೇ ದಿನ ಸುದ್ದಿ ಬಂತು. ಐಶ್ವರ್ಯ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಓದಿದಳು. ಮೇಲೆ ಅಣ್ಣತಮ್ಮಂದಿರಿಬ್ಬರ ಫೋಟೋ. ಕೆಳಗೆ ಮನೋಹರನ ಮಾತು: "ಮೂರು ವರ್ಷ ನಾನೊಬ್ಬನೇ ಈ ಹಡಗನ್ನು ಸಜ್ಜುಗೊಳಿಸಿದೆ. ಪ್ರತಿ ಹೊಲಿಗೆಯೂ ನನ್ನ ಕಣ್ಣ ಮುಂದೆಯೇ ಆಗಿದೆ. ಮನೆಯವರು ಚಹಾ ತಂದು ಕೊಡುತ್ತಿದ್ದರು."

"ಇನ್ನೊಮ್ಮೆ ಓದು," ಎಂದಳು ಅರುಣಾ.

"ಅವ್ವಾ, ಬ್ಯಾಡ ಬಿಡು."

"ಕಡೀ ಸಾಲ ಓದು."

ಮಗಳು ಓದಿದಳು. ಅರುಣಾ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಪೂರ್ತಿ ರುಬ್ಬಿದಳು, ಡಬ್ಬಿಗೆ ತುಂಬಿದಳು, ಕೈ ತೊಳೆದುಕೊಂಡಳು. ಅವತ್ತಿನಿಂದ ಜಗಳ ನಿಲ್ಲಿಸಿದಳು. ಮನೆಯವರೆಲ್ಲ ಸಮಾಧಾನಪಟ್ಟರು. ಹೆಂಗಸು ಜಗಳಾಡುವುದನ್ನು ಬಿಟ್ಟಳೆಂದರೆ ಒಪ್ಪಿದಳು ಎಂದು ತಿಳಿಯುವ ಮನೆ ಅದು.

ಬಲಿಪಾಡ್ಯಮಿಯ ಮರುದಿನ ಅರುಣಾ ದೊಡ್ಡ ಹಾಯಿಯ ಬಟ್ಟೆಯನ್ನು ಗಂಟು ಕಟ್ಟಿ ಆಟೋದಲ್ಲಿ ಹಾಕಿಕೊಂಡಳು. "ಜೈತೂನಬಿ ಅಂಗಡ್ಯಾಗ ಜಾಗ ಸಾಲೂದಿಲ್ಲರಿ. ಬ್ಯಾಡಗಿಯೊಳಗ ನಮ್ಮವ್ವನ ಮನಿ ಮುಂದ ಹಾಸಿ ಹೊಲೀತೇನಿ," ಎಂದಳು.

"ಹೋಗಿ ಬಾ. ಲಗೂನ ಮುಗಸು," ಎಂದ ಮನೋಹರ. ವೆಲ್ಡರು ಹಾಕಿದ ಒಂದೊಂದು ಬೆಸುಗೆಯನ್ನೂ ಸುತ್ತಿಗೆಯಿಂದ ಬಡಿದು ನೋಡುವ ಮನುಷ್ಯ, ಹೆಂಡತಿ ಹೊಲಿದ ಒಂದು ಹಾಯಿಯನ್ನೂ ಮೂರು ವರ್ಷದಲ್ಲಿ ಬಿಚ್ಚಿ ನೋಡಿರಲಿಲ್ಲ.

ಅರುಣಾಳ ತಾಯಿ ಹೊಳಿಯವ್ವ ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ಚೀಲದ ಬಾಯಿ ಹೊಲಿದವಳು. ಮೊದಲು ದಬ್ಬಣದಲ್ಲಿ, ಆಮೇಲೆ ಕೈಯಲ್ಲಿ ಹಿಡಿದು ಓಡಿಸುವ ಮಷೀನಿನಲ್ಲಿ. ಅರುಣಾ ಕೂಡ ಮದುವೆಗೆ ಮೊದಲು ಬೀಜದ ಗೋದಾಮಿನಲ್ಲಿ ಅದನ್ನೇ ಹಿಡಿದವಳು. ಆ ಮಷೀನಿನ ಹೊಲಿಗೆ ಒಂಟಿ ದಾರದ ಸರಪಳಿ. ಚೀಲ ಎತ್ತಿ ಒಗೆದರೂ ಬಿಚ್ಚುವುದಿಲ್ಲ. ಆದರೆ ಹೊಲಿಗೆ ಮುಗಿದ ತುದಿಯ ದಾರವನ್ನು ಹಿಡಿದು ಎಳೆದರೆ ಒಂದೇ ಎಳೆತಕ್ಕೆ ಬಾಯಿ ಪೂರ್ತಿ ತೆರೆಯುತ್ತದೆ. ಖರೀದಿದಾರರು ಬಂದಾಗ ಲಗೂನೆ ಚೀಲ ಬಿಚ್ಚಿ ಮಾಲು ತೋರಿಸಬೇಕಲ್ಲ, ಅದಕ್ಕೆ.

ಅಂಗಳದಲ್ಲಿ ಬಟ್ಟೆ ಹಾಸಿ ಮಗಳು ಆ ಮಷೀನು ಕೇಳಿದಾಗ ಹೊಳಿಯವ್ವ ಕೊಡಲಿಲ್ಲ. ಎತ್ತಿ ಹಿಂದೆ ಇಟ್ಟುಕೊಂಡಳು.

"ಯಾಕ? ಜೈತೂನಬಿ ಮಷೀನ ಕೆಟ್ಟೈತೇನು?"

"ಇಲ್ಲ."

"ಇದರ ಹೊಲಿಗಿ ಎಂಥಾದ್ದು ಅಂತ ನಿನಗ ಗೊತ್ತೈತಿ."

"ಗೊತ್ತೈತಿ ಅಂತನ ಕೇಳಾಕತ್ತೇನಿ."

ಹೊಳಿಯವ್ವ ಮಗಳ ಮುಖ ನೋಡಿದಳು. "ನಡುನೀರಾಗ ಬಿಚ್ಚಿದ್ರ ಇಬ್ಬರು ಸಾಯ್ತಾರ ಅರುಣಾ. ನಿನ್ನ ತಾಳಿ ಅದು."

"ನೀರಿಗೆ ಮುಟ್ಟಾಕ ಬಿಡೂದಿಲ್ಲ ಯವ್ವಾ. ಮಂದಿ ಮುಂದ, ನೆಲದ ಮ್ಯಾಲ ಬಿಚ್ಚಬೇಕು. ಮೂರು ವರ್ಷ ನಾ ಚಾ ತಂದು ಕೊಟ್ನಂತ. ಹೊಲಿಗಿ ತನ್ನ ಕಣ್ಣ ಮುಂದ ಆತಂತ. ಕಣ್ಣ ಎಲ್ಲಿದ್ದುವು ಅಂತ ನಾಕ ಮಂದಿಗೆ ತೋರಸಬೇಕು. ಅಷ್ಟ ನನಗ ಬೇಕಾದ್ದು."

ಹೊಳಿಯವ್ವ ಬಹಳ ಹೊತ್ತು ಎಲೆ ಅಡಿಕೆ ಜಗಿದಳು. ಆಮೇಲೆ ಮಷೀನನ್ನು ಮುಂದಕ್ಕೆ ತಳ್ಳಿದಳು. "ಹೊಲಿಗಿ ಮುಗಿಯೂದು ಒಂದ ಕಡೆ ಬರ್ಲಿ. ಹತ್ತೂ ದಾರ ಒಂದ ಅಂಚಿಗೆ. ಗೇಣುದ್ದ ಬಿಡು, ಇಲ್ಲಾಂದ್ರ ಬೆರಳಿಗೆ ಸಿಗೂದಿಲ್ಲ."

ನಾಲ್ಕು ದಿನದಲ್ಲಿ ಹಾಯಿ ಮುಗಿಯಿತು. ಮೂಲೆಗಳಿಗೆ ದಪ್ಪ ಬಟ್ಟೆ ಕೂಡಿಸುವ ಕೆಲಸ ಜೈತೂನಬಿಯದು. ಅಲ್ಲಿಗೆ ಒಯ್ದಾಗ ಅವಳ ಕಣ್ಣಿಗೆ ಅಂಚಿನ ದಾರ ಬಿತ್ತು.

"ಅರುಣಕ್ಕ, ಇದು ಚೀಲದ ಹೊಲಿಗಿ."

"ಹೂಂ."

ಜೈತೂನಬಿ ಸೂಜಿಗೆ ದಾರ ಪೋಣಿಸುತ್ತ, "ಪೇಪರ್ ನಾನೂ ಓದಿಸಿ ಕೇಳೇನಿ. ನನ್ನ ಹೆಸರೂ ಇರ್ಲಿಲ್ಲ," ಎಂದಳು.

ಮನೆಯಲ್ಲಿ ಅರುಣಾ ಎಂದಿಗಿಂತ ಹೆಚ್ಚು ಕೆಲಸ ಮಾಡಿದಳು. ದಾರಿಯ ಬುತ್ತಿಗೆಂದು ಖಡಕ್ ರೊಟ್ಟಿ ಬಡಿದು ಡಬ್ಬಿಗಳಲ್ಲಿ ಒತ್ತಿದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ ಮಾಡಿಟ್ಟಳು. ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿದಳು. ಶನಿವಾರ ಎಲ್ಲರೂ ಕದರಮಂಡಲಗಿಗೆ ಹೋದಾಗ ಬಸವಣ್ಣೆವ್ವ ಆಂಜನೇಯನ ಮುಂದೆ ಜೋರಾಗಿಯೇ ಬೇಡಿಕೊಂಡಳು: "ಸಮುದ್ರ ದಾಟಿದ ದೇವರು ನೀ. ನನ್ನ ಇಬ್ಬರೂ ಮಕ್ಕಳನ್ನ ದಾಟಿಸಿ ತಂದು ಕೊಡಪ್ಪ." ಅರುಣಾ ಯಾರೂ ಮುಳುಗದಿರಲಿ, ದಾರ ನಡುವೆ ತುಂಡಾಗದಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡಳು.

ಬರುವಾಗ ಬಸ್ಸಿನಲ್ಲಿ ಗಂಡನಿಗೆ ಹೇಳಿದಳು: "ಹಡಗ ಎತ್ತಾಕ ಕ್ರೇನ್ ಹೆಂಗೂ ಬರ್ತೈತಿ. ಅದಕ್ಕ ದೊಡ್ಡ ಹಾಯಿ ಕಟ್ಟಿ ಏರಿಸಿ ತೋರಸ್ರಿ. ಊರ ಮಂದಿ ನೋಡ್ಲಿ. ಪೇಪರಿನವ್ರನ್ನೂ ಕರೀರಿ."

ಮನೋಹರನ ಮುಖ ಅರಳಿತು. "ನಿನಗ ಸಿಟ್ಟ ಹೋತಲ್ಲ?"

"ಸಿಟ್ಟ ಇಟ್ಕೊಂಡು ಏನ ಮಾಡ್ಲಿ."

ಹೆದ್ದಾರಿಯಲ್ಲಿ ಅಷ್ಟು ದೊಡ್ಡ ಸಾಮಾನು ಒಯ್ಯಲು ಹಾವೇರಿಯಿಂದ ಪರವಾನಗಿ ಸಿಕ್ಕದ್ದು ಗುರುವಾರ ಒಂದೇ ದಿನಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಬಂತು, ಅದರ ಹಿಂದೆ ಕ್ರೇನು. ಕ್ರೇನಿನವ ಜೈತೂನಬಿಯ ಗಂಡ ರಹಿಮಾನಸಾಬ. ಕ್ರೇನು ರಾಣೆಬೆನ್ನೂರಿನಲ್ಲಿ ಬೇರೆಯವೂ ಇದ್ದವು, ಆದರೆ ಇದನ್ನು ಗೊತ್ತು ಮಾಡಿದವಳು ಅರುಣಾ. ಪ್ಲಾಟಿನ ತುಂಬ ಜನ. ಹಡಗಿನ ಮೂಗಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಚನ್ನೇಶ ಬಿಳಿ ಟೊಪ್ಪಿಗೆ, ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಹೊಳಿಯವ್ವ ಬ್ಯಾಡಗಿಯಿಂದ ಮೊದಲ ಬಸ್ಸಿಗೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಕ್ರೇನಿನ ಕೊಕ್ಕೆಗೆ ಸಿಕ್ಕಿಸಿದ ಹಾಯಿ ಮೆಲ್ಲಗೆ ಮೇಲೇರಿತು. ನಿಜಕ್ಕೂ ಚೆಂದ ಇತ್ತು. ಬಿಳೀ ಬಟ್ಟೆ ಆಕಾಶಕ್ಕೆ ಹೋಗಿ ನಿಂತಾಗ ಅರುಣಾ ಹನ್ನೊಂದೂ ಪಟ್ಟಿ ಎಣಿಸಿದಳು. ಗಂಡ ಮಾತು ಉಳಿಸಿಕೊಂಡಿದ್ದರೆ ಇದರ ಕೆಳಗೆ ತಾನು ಕೂತು ಹೋಗುತ್ತಿದ್ದೆ ಎಂದು ದುಃಖ ಬಂತು. ಆಗಲೇ ಗಂಡನ ದನಿ ಕೇಳಿಸಿತು. ಅವನು ಪೇಪರಿನವನಿಗೆ ಅಂಚು ತೋರಿಸಿ ವಿವರಿಸುತ್ತಿದ್ದ.

"ಈ ದಾರ ನೋಡ್ರಿ, ಗಾಳಿ ಯಾ ಕಡೆ ಐತಿ ಅಂತ ತಿಳಿಯಾಕ ಬಿಟ್ಟೇನಿ. ಇವೆಲ್ಲಾ ನಮಗ ಅನುಭವದ ಮ್ಯಾಲ ಗೊತ್ತಾಗೂದು."

ದುಃಖ ಅಲ್ಲಿಗೆ ಮುಗಿಯಿತು. ಅರುಣಾ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು.

"ಅದು ಗಾಳಿ ದಾರ ಅಲ್ರಿ," ಎಂದಳು. ಎಲ್ಲರಿಗಿಂತ ಕೆಳಗಿನ ದಾರ ಬೆರಳಿಗೆ ಸುತ್ತಿ ಎಳೆದಳು. ಸರ್ರನೆ ಸದ್ದಾಯಿತು. ಕೆಳಗಿನ ಪಟ್ಟಿ ಕಳಚಿ ಮನೋಹರನ ಕಾಲ ಮೇಲೆ ಬಿತ್ತು.

ಬ್ಯಾಡಗಿ ಕಡೆಯಿಂದ ಬಂದಿದ್ದ ಹೆಂಗಸರಿಗೆ ತಕ್ಷಣ ತಿಳಿಯಿತು. ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಅರುಣಾ ಕ್ರೇನಿನ ಕಡೆ ಬೆರಳು ಕೆಳಗೆ ಮಾಡಿ ತೋರಿಸಿದಳು. ರಹಿಮಾನಸಾಬ ಯಾರ ಮುಖವನ್ನೂ ನೋಡದೆ ಒಂದು ಪಟ್ಟಿಯಷ್ಟು ಇಳಿಸಿದ. ಅವಳು ಎರಡನೇ ದಾರ ಎಳೆದಳು. ಅವನು ಮತ್ತೆ ಇಳಿಸಿದ.

"ಏಯ್, ಏನ ಮಾಡಾಕತ್ತೀದಿ? ಕ್ರೇನ್ ನಿಂದರ್ಸೋ," ಎಂದು ಮನೋಹರ ಕೂಗಿದ.

"ನೀವ ಒಬ್ಬರ ಮಾಡೀರಿ ಅಂತ ಪೇಪರನ್ಯಾಗ ಹೇಳೀರಿ," ಎಂದಳು ಅರುಣಾ, ಮೂರನೆಯದನ್ನು ಎಳೆಯುತ್ತ. "ಹೊಲಿಗಿ ನಿಮ್ಮ ಕಣ್ಣ ಮುಂದ ಆಗೇತಿ. ಹಂಗಾದ್ರ ಇದು ಹಾಯಿ ಹೊಲಿಗ್ಯೋ, ಚೀಲದ ಹೊಲಿಗ್ಯೋ ನಿಮಗ ಗೊತ್ತಿರಬೇಕಿತ್ತು. ಎರಡ ವಾರ ಮನ್ಯಾಗ ಇತ್ತು. ಒಮ್ಮಿ ಬಿಚ್ಚಿ ನೋಡೀರೇನು?"

ಪೇಪರಿನವ ಪೆನ್ನು ಹಿಡಿದು ಹತ್ತಿರ ಬಂದ. "ಅಂದ್ರ ಇದನ್ನ ಹೊಲಿದವರು ಯಾರ್ರಿ?" ಎಂದು ಮನೋಹರನನ್ನು ಕೇಳಿದ. ಅವನು ಕಾಲ ಮೇಲೆ ಬಿದ್ದ ಪಟ್ಟಿಗಳನ್ನು ಎಳೆದು ತೆಗೆಯುತ್ತಿದ್ದ.

"ಬರಕೊಳ್ರಿ," ಎಂದಳು ಅರುಣಾ. "ಚಾ ತಂದು ಕೊಡಾಕಿ."

ಕೊನೆಯ ದಾರ ಎಳೆದವಳು ಐಶ್ವರ್ಯ. ಯಾರೂ ಅವಳಿಗೆ ಹೇಳಿರಲಿಲ್ಲ. ತಾನೇ ಬಂದು, ತಾಯಿಯ ಕೈ ಸರಿಸಿ ಎಳೆದಳು.

ಬಸವಣ್ಣೆವ್ವ ಎದೆ ಬಡಿದುಕೊಂಡಳು. "ಮನಿ ಮರ್ಯಾದಿ ಬೀದಿಗೆ ತಂದ್ಯಲ್ಲ."

"ಬೀದಿಗೆ ತಂದಾಕಿ ನಾ ಅಲ್ರಿ ಅತ್ತಿ. ಪೇಪರಿಗೆ ಮೊದಲ ಹೇಳಿದವರು ನಿಮ್ಮ ಮಗ."

ಲಾರಿಯವ ಹಾರ್ನ್ ಹೊಡೆದ. ಪರವಾನಗಿ ಅವತ್ತಿಗೆ ಮಾತ್ರ, ಹಡಗನ್ನು ಒಯ್ಯಲೇಬೇಕು. ಎತ್ತಿ ಇಡುವಾಗ ಚನ್ನೇಶ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಅಣ್ಣಾ, ನಾ ಬರೂದಿಲ್ಲ," ಎಂದ. "ನೀರಿನ ಪೈಪ ಕೂಡಿಸಿದಾಕಿ ವೈನಿ. ವೈರ್ ಎಳದಾಕಿ ವೈನಿ. ತಳಕ್ಕ ಫೈಬರ್ ಹಚ್ಚಿದಾಕಿನೂ ವೈನಿನ. ಇನ್ನ ಏನೇನ ಬಿಚ್ಚತೈತೋ."

ಮೂರು ವರ್ಷದಲ್ಲಿ ಆ ಮನೆಯ ಗಂಡಸರ ಬಾಯಿಂದ ಅರುಣಾಳ ಕೆಲಸದ ಪಟ್ಟಿ ಪೂರ್ತಿ ಬಂದದ್ದು ಅದೇ ಮೊದಲು.

"ಉಳದದ್ದೆಲ್ಲ ಗಟ್ಟಿ ಐತಿ ಚನ್ನೇಶ," ಎಂದಳು ಅವಳು. "ಅದನ್ನ ಸಿಟ್ಟ ಬರೂಕಿಂತ ಮೊದಲ ಮಾಡೇನಿ."

ಹಡಗು ಹೋಯಿತು. ಮನೋಹರ ಲಾರಿಯಲ್ಲಿ ಒಬ್ಬನೇ ಕೂತು ಕಾರವಾರಕ್ಕೆ ಹೋದ. ಈ ಸಲ ಒಬ್ಬನೇ ಎಂಬುದು ಖರೆಯಾಗಿತ್ತು.

ವಾರದೊಳಗೆ ಖಾಲಿ ಪ್ಲಾಟಿನಲ್ಲಿ ಆರು ಒಲೆ ಬಂದವು. ಆರು ಮಂದಿ ಹೆಣ್ಣುಮಕ್ಕಳು ವಾಪಸು ಬಂದರು. ದಾರಿಯ ಬುತ್ತಿಗೆಂದು ಮಾಡಿದ್ದ ರೊಟ್ಟಿ ಮೊದಲ ದಿನವೇ ಹಾವೇರಿಯ ಖಾನಾವಳಿಗೆ ಹೋಯಿತು. ನೆರಳು ಬೇಕಿತ್ತು. ಅರುಣಾ, ಜೈತೂನಬಿ ಕೂಡಿ ಹನ್ನೊಂದು ಪಟ್ಟಿಗಳನ್ನು ಮತ್ತೆ ಜೋಡಿಸಿದರು. ಈ ಸಲ ಜಿಗ್‌ಜಾಗ್ ಹೊಲಿಗೆ, ಎರಡು ಸಾಲು, ಉಪ್ಪಿಗೂ ಬಿಸಿಲಿಗೂ ಜಗ್ಗದ ದಾರ. ಹಾಯಿ ಶೆಡ್ಡಿನ ಸೂರಾಯಿತು.

ಕಾರವಾರದಿಂದ ದಿನಾ ಫೋನು ಬರುತ್ತಿತ್ತು. ಅರುಣಾ ಅದನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಎಲ್ಲರಿಗೂ ಕೇಳುವಂತೆ ಇಟ್ಟು ಮಾತಾಡುತ್ತಿದ್ದಳು.

"ಹೊಸಾ ಹಾಯಿ ಬರಾಕ ಆರ ತಿಂಗಳಂತ. ಅಷ್ಟರಾಗ ಗಾಳಿ ತಿರುಗಿ ಮಳಿ ಬರ್ತೈತಿ. ಈ ವರ್ಷ ಹೋಗಾಕ ಆಗೂದಿಲ್ಲ."

"ಹೌದೇನ್ರಿ."

"ಆ ಬಟ್ಟಿ ಕಳಸು. ಇಲ್ಲೇ ಯಾರ ಕೈಲರ ಹೊಲಿಸ್ತೇನಿ."

"ಬಟ್ಟಿ ಕೆಲಸದಾಗ ಐತ್ರಿ."

ಮೂರನೇ ವಾರ ಅವನು ದನಿ ತಗ್ಗಿಸಿದ. "ಅರುಣಾ, ಹಾಯಿ ಹೊಲಕೊಂಡು ನೀನ ಬಾ. ಇಬ್ಬರೂ ಹೋಗೋಣು. ಮೊದಲ ಹೇಳಿದ್ನಲ್ಲ, ಹಂಗ."

ಒಲೆಗಳ ಮುಂದೆ ಕೈಗಳೆಲ್ಲ ನಿಂತವು. ಅರುಣಾ ಕೈಯಲ್ಲಿದ್ದ ರೊಟ್ಟಿಯನ್ನು ಬಡಿದು ಮುಗಿಸಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು. ಈ ಮಾತು ನಿಜವಾಗಲೆಂದು ಮೂರು ವರ್ಷ ಕಾದಿದ್ದಳು. ಬಂದಾಗ ಅದರಲ್ಲಿ ರುಚಿ ಇರಲಿಲ್ಲ.

"ರೊಟ್ಟಿ ಹೊತ್ತತೈತ್ರಿ, ಇಡ್ತೇನಿ," ಎಂದು ಫೋನು ಇಟ್ಟಳು.

ಭಾನುವಾರ ಮಧ್ಯಾಹ್ನ ಮನೋಹರ ಬಸ್ಸಿಳಿದು ಬಂದ. ಗಡ್ಡ ಬಂದಿತ್ತು. ಮನೆಯೊಳಗೆ ಹೋಗದೆ ಪ್ಲಾಟಿಗೆ ಬಂದು ಸೂರಿನ ಕೆಳಗೆ ನಿಂತ. ತಲೆ ಎತ್ತಿ ನೋಡಿದ. ಆಮೇಲೆ ಕೈ ಎತ್ತಿ ಒಂದು ಜೋಡಣೆಯ ಮೇಲೆ ಬೆರಳಾಡಿಸುತ್ತ ಈ ತುದಿಯಿಂದ ಆ ತುದಿಯ ತನಕ ನಡೆದ. ಅವಳು ಹೊಲಿದದ್ದನ್ನು ಅವನು ಮುಟ್ಟಿ ನೋಡಿದ್ದು ಅದೇ ಮೊದಲು.

"ಇದು ಬಿಚ್ಚೂದಿಲ್ಲಲ್ಲ?" ಎಂದು ಕೇಳಿದ.

"ಇಲ್ರಿ. ಇದು ಖರೇ ಹೊಲಿಗಿ."

"ಇಳಸಿ ಹಡಗಿಗೆ ಒಯ್ಯೋಣೇನು ಹಂಗಾದ್ರ?"

ಅರುಣಾ ಹಿಟ್ಟಿನ ಕೈ ಒರೆಸಿಕೊಳ್ಳದೆ ಅವನ ಮುಖ ನೋಡಿದಳು. ಆರು ಮಂದಿಯೂ ನೋಡಿದರು.

"ಮುಂಜಾನಿಂದ ಕುಂತೇವಿ," ಎಂದಳು. "ಏಳು ಮಂದಿ ಅದೇವಿ. ಮೊದಲ ಚಾ ತಂದು ಕೊಡ್ರಿ."

ಮನೋಹರ ಚಪ್ಪಲಿ ಬಿಟ್ಟು ಒಳಗೆ ಹೋದ. ಪಾತ್ರೆ ಬಿದ್ದ ಸದ್ದು ಕೇಳಿಸಿತು. ಸಕ್ಕರೆ ಎಲ್ಲಿದೆ ಎಂದು ಅಡುಗೆಮನೆಯಿಂದ ಕೂಗಿ ಕೇಳಿದ. ಯಾರೂ ಹೇಳಲಿಲ್ಲ.